ಮರದ ಡೆಕ್ (ಮನೆ ಹೊರಗಿನ ಹಲಗೆ ಜಗಲಿ), ಬೇಲಿಗೆ ಹಚ್ಚಿದ ಸ್ಟೇನ್ ಯಾಕೆ ಬೇಗ ಏಳುತ್ತದೆ?

ಸ್ಟೇನ್ ಎಂದರೆ ಮರ ಹೀರಿಕೊಳ್ಳುವ ಬಣ್ಣದ ಲೇಪ. ಅದು ಮರದೊಳಗೆ ಇಳಿಯದೆ ಮೇಲೆಯೇ ಉಳಿದರೆ ಸಿಪ್ಪೆ ಏಳುತ್ತದೆ. ಹಚ್ಚುವ ಮೊದಲು ನಾಲ್ಕು ಹನಿ ನೀರು ಹಾಕಿ ನೋಡಿ. ಹೀರಿಕೊಂಡರೆ ಸರಿ. ಹನಿ ಹಾಗೇ ನಿಂತರೆ ಹಳೆಯ ಲೇಪ ಇನ್ನೂ ಇದೆ, ಇಲ್ಲವೇ ಮರ ಒಳಗೆ ಹಸಿಯಾಗಿದೆ.

ಬೂದು ಬಣ್ಣಕ್ಕೆ ತಿರುಗಿದ ಮೇಲ್ಪದರ ಬಿಸಿಲಿಗೆ ಹಾಳಾದ ನಾರು. ಡೆಕ್ ಕ್ಲೀನರ್ ಹಾಕಿ ಉಜ್ಜಿ ತೆಗೆಯಲೇಬೇಕು. ಪ್ರೆಶರ್ ವಾಷರ್ (ನೀರನ್ನು ರಭಸವಾಗಿ ಚಿಮ್ಮಿಸುವ ಯಂತ್ರ) ಜೋರಾಗಿ ಬಿಟ್ಟರೆ ಒಳ್ಳೆಯ ನಾರೂ ಕಿತ್ತು ಬರುತ್ತದೆ, ಹುಷಾರು. ತೊಳೆದ ಮೇಲೆ ಎರಡು ಮೂರು ದಿನವಾದರೂ ಒಣಗಲಿ. ಆಮೇಲೆ 60–80 ಗ್ರಿಟ್ (ತುಸು ಒರಟಾದ) ಉಪ್ಪುಕಾಗದದಲ್ಲಿ ಉಜ್ಜಿದರೆ ಸಾಕು. ಜಾಸ್ತಿ ನುಣುಪು ಮಾಡಿದರೆ ಸ್ಟೇನ್ ಇಳಿಯುವುದಿಲ್ಲ.

ತೆಳುವಾಗಿ ಹಚ್ಚಿ, ಉಳಿದದ್ದನ್ನು ಒರೆಸಿ. ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಇಡಬೇಡಿ, ತಾನಾಗೇ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಒಣಗಿಸಿ.