ಕಿವಿ ಕೇಳದ ಮುಧೋಳ ಮರಿಗೆ ಕಲಿಸುವುದು ಹೇಗೆ?

ಪ್ರಶ್ನೆ: ನಮ್ಮದು ಜಮಖಂಡಿ ಹತ್ತಿರದ ಹಳ್ಳಿ. ಐದು ತಿಂಗಳ ಬಿಳಿ ಮುಧೋಳ ಮರಿ ತಂದಿದ್ದೇವೆ. ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ. ಮಲಗಿದ್ದಾಗ ಮುಟ್ಟಿದರೆ ಕಚ್ಚಲು ಬರುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ‘ಕಿವುಡು ನಾಯಿ ಯಾಕೆ, ಕೊಟ್ಟುಬಿಡಿ’ ಅನ್ನುತ್ತಾರೆ ಎಲ್ಲರೂ. ಏನು ಮಾಡಲಿ ಸರ್?

ಉತ್ತರ: ಕೊಡಬೇಡಿ. ಈ ಮರಿಗೆ ಖಂಡಿತ ಕಲಿಸಬಹುದು.

ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿಯಲ್ಲಿ ಕೀವು, ಹೊಲಸು ತುಂಬಿದ್ದರೂ ಸರಿಯಾಗಿ ಕೇಳುವುದಿಲ್ಲ. ಅದಕ್ಕೆ ಔಷಧಿ ಇದೆ. ಆದರೆ ಬಿಳಿ ನಾಯಿಗಳಲ್ಲಿ ಹುಟ್ಟು ಕಿವುಡು ಜಾಸ್ತಿ. ಮೈಗೆ ಬಣ್ಣ ಕೊಡುವ ಕಣಗಳು ಒಳಕಿವಿಗೂ ಬೇಕು. ಅವು ಇಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಕೇಳುವ ಶಕ್ತಿ ಹೋಗುತ್ತದೆ. ಇದಕ್ಕೆ ಔಷಧಿ ಇಲ್ಲ. ಅಂಥ ನಾಯಿಯಿಂದ ಮರಿ ಮಾಡಿಸಬೇಡಿ.

ಕಚ್ಚಲು ಬರುವುದು ಸಿಟ್ಟಿನಿಂದಲ್ಲ, ಬೆಚ್ಚಿಬಿದ್ದು. ನಿದ್ದೆಯಲ್ಲಿ ಯಾರಾದರೂ ಮುಟ್ಟಿದರೆ ನಾವೂ ಬೆಚ್ಚುತ್ತೇವೆ, ಅಲ್ವಾ? ಎಚ್ಚರವಿದ್ದಾಗ ಮೆಲ್ಲಗೆ ಭುಜ ಮುಟ್ಟಿ, ಕೂಡಲೇ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ದಿನಕ್ಕೆ ಹತ್ತಾರು ಸಲ. ಕೆಲವು ವಾರ ಕಳೆದ ಮೇಲೆ ತೂಕಡಿಸುವಾಗ ಮಾಡಿ: ಮೊದಲು ಮೂಗಿನ ಹತ್ತಿರ ಕೈ, ವಾಸನೆ ಸಿಗಲಿ, ಆಮೇಲೆ ಮುಟ್ಟಿ. ಅಲ್ಲಿಯವರೆಗೆ ಮಲಗಿದ ನಾಯಿಯ ಹತ್ತಿರ ಮಕ್ಕಳನ್ನು ಬಿಡಲೇಬೇಡಿ. ಓಡಾಟವಿಲ್ಲದ ಮೂಲೆಯಲ್ಲಿ ಹಾಸಿಗೆ ಹಾಕಿ.

ಇನ್ನು ಕಲಿಕೆ. ಮುಧೋಳ ನಾಯಿ ಬೇಟೆಯಾಡುವುದೇ ಕಣ್ಣಿನಿಂದ. ಇದು ನಿಮ್ಮ ಪುಣ್ಯ. ಅದು ತಾನಾಗಿ ನಿಮ್ಮ ಮುಖ ನೋಡಿದಾಗಲೆಲ್ಲ ಹೆಬ್ಬೆರಳು ಎತ್ತಿ ತೋರಿಸಿ, ತಿನ್ನಲು ಕೊಡಿ. ಇದು ಗಟ್ಟಿಯಾದ ಮೇಲೆ ‘ಕೂಡು’, ‘ಬಾ’ ಸನ್ನೆಗಳು. ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರದೂ ಒಂದೇ ಸನ್ನೆ ಇರಲಿ. ಕರೆಯಲು ನೆಲಕ್ಕೆ ಕಾಲು ಬಡಿಯಿರಿ ಅನ್ನುತ್ತಾರೆ, ಆದರೆ ನಮ್ಮ ಫರಸಿ ನೆಲದಲ್ಲಿ ಅದು ನಾಯಿಗೆ ಗೊತ್ತಾಗುವುದು ಕಡಿಮೆ. ಕತ್ತಲಾದ ಮೇಲೆ ಅದರ ಮುಂದಿನ ಗೋಡೆಗೆ ಟಾರ್ಚ್ ಹಾಕಿ ಆರಿಸಿ. ಕಣ್ಣಿಗೆ ಬಿಡಬೇಡಿ. ಶಾಕ್ ಕೊಡುವ ಬೆಲ್ಟ್ ಅಂತೂ ಬೇಡವೇ ಬೇಡ.

ನನಗೆ ನಿಜವಾದ ಭಯ ಬಯಲಿನದು. ಮೊಲ ಕಂಡರೆ ಅದು ಹೊರಟೇ ಹೋಯಿತು, ನಿಮ್ಮ ಕೂಗು ಕೇಳಿಸದು, ಕಬ್ಬಿನ ಟ್ರ್ಯಾಕ್ಟರಿನ ಹಾರ್ನ್ ಕೂಡ ಕೇಳಿಸದು. ಬೇಲಿ ಇಲ್ಲದ ಕಡೆ ಎಂದೂ ಬಿಚ್ಚಿ ಬಿಡಬೇಡಿ. ಈ ತಳಿಯ ತಲೆ ಸಣ್ಣದು, ಕೊರಳಿನ ಬೆಲ್ಟ್ ಜಾರಿ ಬರುತ್ತದೆ. ಎದೆಗೆ ಹಾಕುವ ಹಾರ್ನೆಸ್‌ಗೆ ಉದ್ದನೆಯ ಹಗ್ಗ ಕಟ್ಟಿ. ಕೊರಳಿಗೊಂದು ಗೆಜ್ಜೆಯೂ ಇರಲಿ. ನಾಯಿಗೆ ಕೇಳಿಸದಿದ್ದರೂ ಅದು ಎಲ್ಲಿದೆ ಅಂತ ನಿಮಗೆ ಕೇಳಿಸುತ್ತದೆ.