ಕಾಂಗರೂ ಮರುಭೂಮಿಯದೇ?

ಪ್ರಶ್ನೆ: ಕಾಂಗರೂ ಮರುಭೂಮಿಯ ಪ್ರಾಣಿ ಎಂದು ನಾನು, ಮಳೆಕಾಡಿನಲ್ಲೂ ಇದೆ ಎಂದು ಮೊಮ್ಮಗಳು. ಯಾರು ಸರಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊಮ್ಮಗಳಿಗೆ ಮಾಟುಂಗದಲ್ಲಿ ಒಂದು ಮಸಾಲೆದೋಸೆ ಕೊಡಿಸಿ. ನೀವು ಹೇಳುತ್ತಿರುವುದು ಆಸ್ಟ್ರೇಲಿಯದ ಒಣ ಒಳನಾಡಿನ ಕೆಂಪು ಕಾಂಗರೂ. ಅದಕ್ಕೂ ಬರಿಯ ಮರಳು ಸಾಲದು. ಹುಲ್ಲು, ಕುರುಚಲು, ನೆರಳಿಗೆ ಅಲ್ಲೊಂದು ಇಲ್ಲೊಂದು ಮರ ಬೇಕು. ಉರಿಬಿಸಿಲಿನಲ್ಲಿ ಮರದಡಿ ಒರಗಿ ಮುಂಗೈ ನೆಕ್ಕುತ್ತಿರುತ್ತದೆ. ಅಲ್ಲಿ ರಕ್ತನಾಳಗಳು ಚರ್ಮಕ್ಕೆ ಹತ್ತಿರ. ಎಂಜಲು ಆರಿದಂತೆ ರಕ್ತ ತಂಪಾಗುತ್ತದೆ. ಎಂಥ ಅಗ್ಗದ ಏರ್‌ಕೂಲರ್ ನೋಡಿ! ಮೇಯುವುದೆಲ್ಲ ಹೆಚ್ಚಾಗಿ ಹೊತ್ತು ಇಳಿದ ಮೇಲೆ.

ಪೂರ್ವದ ಬೂದು ಕಾಂಗರೂವಿಗೆ ಮಳೆ ಹೆಚ್ಚಿರುವ ಕಡೆಯ ತೆರೆದ ಕಾಡು, ಹುಲ್ಲುಗಾವಲು ಇಷ್ಟ. ಊರಂಚಿನ ಗಾಲ್ಫ್ ಮೈದಾನಕ್ಕೂ ಸಂಕೋಚವಿಲ್ಲದೆ ನುಗ್ಗುತ್ತದೆ. ವಲ್ಲರೂ ಎಂಬ ಇನ್ನೊಂದು ಬಗೆಯ ಕಾಂಗರೂ ಕಲ್ಲುಗುಡ್ಡಗಳದ್ದು.

ಮಳೆಕಾಡಿನಲ್ಲಿರುವುದು ಮರಗಾಂಗರೂ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಈಶಾನ್ಯ ಭಾಗ ಮತ್ತು ನ್ಯೂಗಿನಿ ದ್ವೀಪ ಅದರ ನೆಲೆ. ಮುಂಗಾಲು ಗಟ್ಟಿ, ಹಿಂಗಾಲು ಗಿಡ್ಡ, ಬಾಲ ಉದ್ದ. ಎಲೆ ತಿನ್ನುತ್ತ ಕೊಂಬೆಯ ಮೇಲೇ ಹೆಚ್ಚಿನ ಹೊತ್ತು ಕಳೆಯುತ್ತದೆ. ಇಳಿಯುವಾಗ ಬಾಲ ಮುಂದು, ತಲೆ ಹಿಂದು! ನೆಲದ ಮೇಲಿನ ಕಾಂಗರೂಗಳು ಎರಡೂ ಹಿಂಗಾಲು ಜೋಡಿಸಿ ಕುಪ್ಪಳಿಸಿದರೆ, ಇದು ಹಿಂಗಾಲುಗಳನ್ನು ಒಂದಾದ ಮೇಲೊಂದು ಎತ್ತಿಟ್ಟು ನಡೆಯಲೂ ಬಲ್ಲದು.