ಅಂಚಿಲ್ಲದ ಬೆಳ್ಳಿ ನಾಣ್ಯ ಅಸಲಿಯೇ?

ಪ್ರಶ್ನೆ: ಇಲ್ಲೊಂದು ನಾಣ್ಯ ಮೇಳದಲ್ಲಿ ರೋಮಿನ ಯುಜೀನಿಯಸ್ ಎಂಬ ದೊರೆಯ ಬೆಳ್ಳಿ ನಾಣ್ಯ ನೋಡಿದೆ. ತುಂಬಾ ಅಪರೂಪ ಅಂದರು ವ್ಯಾಪಾರಿ. ಆದರೆ ಸುತ್ತ ಕತ್ತರಿಯಾಡಿಸಿದ ಹಾಗಿದೆ. ಹೆಸರು ಅರ್ಧ ಹೋಗಿದೆ, ತೂಕ ಬರೀ ಒಂದು ಗ್ರಾಂ. ಅಸಲಿಯೇ? ಕೊಳ್ಳಬಹುದೇ?
– ಲಂಡನ್ನಿನಿಂದ ಒಬ್ಬ ಓದುಗರು

ಉತ್ತರ: ಕತ್ತರಿಸಿರುವುದು ನಿಜ. ಆದರೆ ಕತ್ತರಿಸಿದವರು ಸತ್ತೇ 1,500 ವರ್ಷದ ಮೇಲಾಗಿರಬಹುದು! ಬ್ರಿಟನ್ನಿನಲ್ಲಿ ಸಿಗುವ ಈ ನಾಣ್ಯಗಳು, ಅಂದರೆ ಸಿಲಿಕ್ವಾಗಳು, ಹೆಚ್ಚಾಗಿ ಹೀಗೇ ಇರುತ್ತವೆ. 5ನೇ ಶತಮಾನದ ಶುರುವಿನಲ್ಲಿ ರೋಮಿನಿಂದ ಅಲ್ಲಿಗೆ ಹೊಸ ಬೆಳ್ಳಿ ನಾಣ್ಯ ಬರುವುದು ನಿಂತೇಹೋಯಿತು. ಜನ ಇದ್ದ ನಾಣ್ಯದ ಅಂಚು ಕತ್ತರಿಸಿ ಬೆಳ್ಳಿ ಉಳಿಸಿಕೊಂಡರು. 1992ರಲ್ಲಿ ಇಂಗ್ಲೆಂಡಿನ ಸಫೋಕ್‌ನ ಹಾಕ್ಸನ್‌ನಲ್ಲಿ ಸಿಕ್ಕ ನಿಧಿಯಲ್ಲಿ 14,000ಕ್ಕೂ ಹೆಚ್ಚು ಸಿಲಿಕ್ವಾಗಳಿದ್ದವು. ಬಹುಪಾಲು ಎಲ್ಲಕ್ಕೂ ಕತ್ತರಿ ಬಿದ್ದಿತ್ತು. ಎರಡು ಗ್ರಾಂ ಆಸುಪಾಸಿನ ನಾಣ್ಯ ಒಂದು ಗ್ರಾಂಗೆ ಇಳಿದದ್ದೂ ಹಾಗೆಯೇ.

ಒಂದು ತಮಾಷೆ ನೋಡಿ. ಹೆಸರು ಹೋದರೂ ದೊರೆಯ ತಲೆಗೆ ಮಾತ್ರ ಕತ್ತರಿ ತಾಗಿಸುತ್ತಿರಲಿಲ್ಲ. ತಲೆ ಇದ್ದರೆ ನಾಣ್ಯ ನಡೆಯುತ್ತದೆ ಅನ್ನೋ ಲೆಕ್ಕ ಇರಬೇಕು. ಯುಜೀನಿಯಸ್‌ನ ಅಸಲಿ ತಲೆ ಉರುಳಿದ ಮೇಲೂ ಬೆಳ್ಳಿಯ ತಲೆ ಚಲಾವಣೆಯಲ್ಲಿತ್ತು ಅಂದ ಹಾಗಾಯ್ತು!

ಈ ಯುಜೀನಿಯಸ್ ಮೂಲತಃ ಮೇಷ್ಟ್ರು, ಭಾಷಣಕಲೆ ಕಲಿಸುತ್ತಿದ್ದವ. 392ರಲ್ಲಿ ರೋಮ್ ಸಾಮ್ರಾಜ್ಯದ ಪಶ್ಚಿಮ ಭಾಗದ ದೊರೆ ಎರಡನೇ ವ್ಯಾಲೆಂಟೀನಿಯನ್ ನೇಣಿನಲ್ಲಿ ಸಿಕ್ಕ. ಸೇನಾಪತಿ ಅರ್ಬೊಗಾಸ್ಟ್ ಈ ಮೇಷ್ಟ್ರನ್ನು ಹಿಡಿದು ಸಿಂಹಾಸನದ ಮೇಲೆ ಕೂರಿಸಿದ. ಪೂರ್ವದ ದೊರೆ ಥಿಯೊಡೋಸಿಯಸ್ ಒಪ್ಪಿಕೊಳ್ಳಲಿ ಅಂತ ಮೊದಮೊದಲು ಅವನ ಹೆಸರಿನಲ್ಲೂ ನಾಣ್ಯ ಹೊಡೆಸಿದರು. ಅವನು ಜಗ್ಗಲಿಲ್ಲ. 394ರ ಸೆಪ್ಟೆಂಬರ್‌ನಲ್ಲಿ ಫ್ರಿಜಿಡಸ್ ನದಿಯ ಬಳಿ ಇಬ್ಬರಿಗೂ ಯುದ್ಧ, ಯುಜೀನಿಯಸ್‌ಗೆ ಸೋಲು, ಶಿರಚ್ಛೇದ. ಎರಡೇ ವರ್ಷದ ಆಳ್ವಿಕೆ, ಹಾಗಾಗಿ ನಾಣ್ಯವೂ ಕಮ್ಮಿ. ಅಪರೂಪ ಅನ್ನೋದು ಸರಿ. 'ತುಂಬಾ' ಅನ್ನೋದು ವ್ಯಾಪಾರದ ಮಾತು.

ಹೆಸರು ಅರ್ಧ ಹೋಗಿರುವುದರಿಂದ ಮೊದಲು ಗಲ್ಲ ನೋಡಿ. ಆಗಿನ ದೊರೆಗಳು ಹೆಚ್ಚಾಗಿ ನುಣ್ಣಗೆ ಬೋಳಿಸಿದ ಮುಖದವರು, ಯುಜೀನಿಯಸ್‌ಗೆ ಗಡ್ಡ. ಅಷ್ಟಕ್ಕೇ ನಂಬಬೇಡಿ. ಮೂವತ್ತು ವರ್ಷ ಹಿಂದಿನ ದೊರೆ ಜೂಲಿಯನ್‌ಗೂ ಗಡ್ಡವಿತ್ತು, ಅವನ ನಾಣ್ಯ ಜಾಸ್ತಿ ಸಿಗುತ್ತದೆ. ಆದ್ದರಿಂದ ತಿರುಗಿಸಿ ನೋಡಿ. ಜೂಲಿಯನ್‌ನ ಸಿಲಿಕ್ವಾದ ಹಿಂಬದಿ ಸಾಮಾನ್ಯವಾಗಿ ಎಲೆಗಳ ಹಾರ, ಅದರೊಳಗೆ ಬರಹ. ಯುಜೀನಿಯಸ್‌ನದರಲ್ಲಿ ರೋಮಾ ದೇವಿ ಕೂತಿರುತ್ತಾಳೆ. ಅವಳ ಕಾಲಕೆಳಗಿನ ಅಕ್ಷರ ಉಳಿದಿದ್ದರೆ ನಿಮ್ಮ ಪುಣ್ಯ. 'ಟಿಆರ್‌ಪಿಎಸ್' ಅಂದರೆ ಈಗಿನ ಜರ್ಮನಿಯ ಟ್ರಿಯರ್ ಟಂಕಸಾಲೆಯ ಶುದ್ಧ ಬೆಳ್ಳಿ. 'ಎಂಡಿಪಿಎಸ್' ಅಂತಿದ್ದರೆ ಮಿಲಾನಿನದು, ಅವನು ಇಟಲಿಗೆ ಕಾಲಿಟ್ಟ ಮೇಲಿನದು.

ಆಮೇಲೆ ಭೂತಗನ್ನಡಿ ಹಿಡಿದು ಅಂಚು ನೋಡಿ. ಹಳೆಯ ಕತ್ತರಿ ಗಾಯಕ್ಕೂ ಮುಖದಷ್ಟೇ ಮಬ್ಬು ಬಣ್ಣ ಬಂದಿರಬೇಕು. ಮುಖ ಕಪ್ಪಗಿದ್ದು ಅಂಚು ಮಾತ್ರ ಫಳಫಳ ಅಂದರೆ ಅನುಮಾನ ಪಡಿ. ಅಂಚಿನ ಸುತ್ತ ಗೆರೆಯಂಥ ಬೆಸುಗೆ ಕಂಡರೆ ಅಚ್ಚಿಗೆ ಹೊಯ್ದ ನಕಲಿ, ವಾಪಸ್ ಕೊಟ್ಟುಬಿಡಿ.

ಎಲ್ಲಿ ಸಿಕ್ಕಿದ್ದು ಅಂತಲೂ ಕೇಳಿ, ಸಂಕೋಚ ಬೇಡ. ಇಂಗ್ಲೆಂಡಿನಲ್ಲಿ ಇಂಥ ಹಳೆಯ ಬೆಳ್ಳಿ ನಾಣ್ಯ ಒಂದೇ ಕಡೆ ಎರಡು ಸಿಕ್ಕರೂ 1996ರ ಕಾಯ್ದೆ ಪ್ರಕಾರ ಅದು ನಿಧಿ. 14 ದಿನದೊಳಗೆ ಇಂಥದ್ದನ್ನು ವಿಚಾರಿಸುವ ಅಧಿಕಾರಿ ಕಾರೊನರ್‌ಗೆ ತಿಳಿಸಲೇಬೇಕು. ಹಳೆಯ ಹರಾಜಿನ ಚೀಟಿಯೋ, ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ದಾಖಲೆ ಸಂಖ್ಯೆಯೋ ಇದ್ದರೆ ಧೈರ್ಯವಾಗಿ ಕೊಳ್ಳಿ. ಅಂಚು ಪೂರ್ತಿ ಇರುವುದಕ್ಕಿಂತ ಈ ಕತ್ತರಿ ಬಿದ್ದದ್ದೇ ನನಗಂತೂ ಇಷ್ಟ, ಬೆಲೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಚೌಕಾಶಿಗೆ ಅದನ್ನೇ ಹಿಡಿಯಿರಿ. ವ್ಯಾಪಾರಿ ತಡವರಿಸಿದರೆ ಸುಮ್ನೆ ಬಿಟ್ಟು ಬನ್ನಿ.